ಕೋಳಿ ಕಟ್ಟೆ: ಪ್ರೋಟೀನ್ ಸರಿಯಾಗಿದೆ, ಕೋಳಿ ಮಾತ್ರ ಬೆಳೆಯುತ್ತಿಲ್ಲ!

ಈ ಸಲದ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಹಿಂಡಿ ಮತ್ತು ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಾದ ಲೈಸಿನ್, ಮೆಥಿಯೋನಿನ್ ಬಗ್ಗೆಯೇ ಇವೆ. ಸೋಯಾ ಹಿಂಡಿಯ ಬೆಲೆ ಏರಿದಾಗಲೆಲ್ಲ ನನ್ನ ಅಂಚೆಪೆಟ್ಟಿಗೆ ತುಂಬುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ಆಮದಿಗೆ ಒಪ್ಪಿಗೆ ಕೊಟ್ಟ ವರ್ಷವೂ ಹೀಗೇ ಆಗಿತ್ತು. ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಅದು ಸುಮಾರು ಜನರ ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಡಾಕ್ಟ್ರಮ್ಮ, ನಾನು 500 ಬ್ರಾಯ್ಲರ್ ಸಾಕುತ್ತೇನೆ. ಕಂಪನಿ ಜೊತೆ ಒಪ್ಪಂದ ಇಲ್ಲ, ಫೀಡ್ ನಾನೇ ಕಲಸುತ್ತೇನೆ. ಈ ಬ್ಯಾಚ್‌ಗೆ ಸೋಯಾ ಬಿಟ್ಟು ಪೂರ್ತಿ ಶೇಂಗಾ ಹಿಂಡಿ ಹಾಕಿದೆ. ನಮ್ಮ ಊರಲ್ಲಿ ಎಣ್ಣೆ ಮಿಲ್ಲಿಗೇನು ಬರ? ಕ್ವಿಂಟಲ್‌ಗೆ ಮೆಕ್ಕೆಜೋಳ 58 ಕೆಜಿ, ಹಿಂಡಿ 36 ಕೆಜಿ, ಉಳಿದದ್ದು ಎಣ್ಣೆ, ಮಿನರಲ್, ಉಪ್ಪು. ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿದೆ, ಪ್ರೋಟೀನ್ ನೂರಕ್ಕೆ 21 ಬಂತು. ಆದರೂ 35 ದಿನಕ್ಕೆ 1,250 ಗ್ರಾಂ ದಾಟಿಲ್ಲ. ಹೋದ ಬ್ಯಾಚ್ 1,900 ಇತ್ತು. ಬೆನ್ನ ಮೇಲೆ ಪುಕ್ಕವೂ ಸರಿಯಾಗಿಲ್ಲ. ಮರಿಯದ್ದೇ ದೋಷವೇ?
— ಚಳ್ಳಕೆರೆ ತಾಲ್ಲೂಕಿನ ಒಬ್ಬ ರೈತರು

ಉತ್ತರ: ಮರಿಯನ್ನು ಬೈಯಬೇಡಿ. ಲ್ಯಾಬ್‌ನವರೂ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ಆ 21 ಎಂಬ ಅಂಕಿ.

ಲ್ಯಾಬ್‌ನಲ್ಲಿ ಪ್ರೋಟೀನನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಸಾರಜನಕ ಎಷ್ಟಿದೆ ನೋಡಿ 6.25ರಿಂದ ಗುಣಿಸುತ್ತಾರೆ, ಅಷ್ಟೆ. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ. ಈ ಲೆಕ್ಕದಲ್ಲಿ ಯೂರಿಯಾಗೆ 287 ಪ್ರೋಟೀನ್! ಒಣಮೀನಿನ ಪುಡಿಗೆ ಒಂದು ಹಿಡಿ ಯೂರಿಯಾ ಬೆರೆಸಿ ಮಾರುವವರಿಗೆ ಈ ಗುಣಾಕಾರ ಚೆನ್ನಾಗಿ ಗೊತ್ತು. ನಿಮ್ಮ ಹಿಂಡಿ ಕಲಬೆರಕೆ ಎನ್ನುತ್ತಿಲ್ಲ. ಅಸಲಿ ಹಿಂಡಿಯಾದರೂ ಆ ಅಂಕಿ ಒಳಗಿನ ಸಾಮಾನು ಏನೆಂದು ಹೇಳುವುದಿಲ್ಲ.

ನಮ್ಮಪ್ಪ ಚಿತ್ರದುರ್ಗದಲ್ಲಿ ಸಣ್ಣ ಅಚ್ಚುಕೂಟ ಇಟ್ಟಿದ್ದರು. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಮದುವೆ ಸೀಸನ್ ಬಂತೆಂದರೆ ಮನೆಯಲ್ಲಿ ಒಂದೇ ಗೋಳು, ‘ಶ್ರೀ’ ಮೊಳೆ ಸಾಲದು. ಒಂದು ಲಗ್ನಪತ್ರಿಕೆಯಲ್ಲಿ ಎಷ್ಟು ಶ್ರೀ, ಎಷ್ಟು ಶ್ರೀಮತಿ, ಲೆಕ್ಕ ಹಾಕಿ. ‘ಕ’, ‘ರ’, ‘ತ’ ಖಾನೆ ತುಂಬ ಬಿದ್ದಿರುತ್ತಿದ್ದವು, ಆದರೆ ಶ್ರೀ ಮುಗಿದರೆ ಆ ದಿನದ ಕೆಲಸ ನಿಂತಂತೆಯೇ. ಕೋಳಿಯ ಮೈಯಲ್ಲೂ ಇದೇ ಸಂಗತಿ. ಪ್ರೋಟೀನ್ ಅನ್ನುವುದು ಬರಹವಾದರೆ ಅಮೈನೋ ಆಮ್ಲಗಳು ಮೊಳೆಗಳು, ಒಟ್ಟು 20. ಅದರಲ್ಲಿ ಅರ್ಧದಷ್ಟನ್ನು ಕೋಳಿ ತಾನೇ ಮಾಡಿಕೊಳ್ಳಲಾರದು, ಮೇವಿನಲ್ಲೇ ಬರಬೇಕು. ಮೆಕ್ಕೆಜೋಳ-ಸೋಯಾ ತಿನ್ನುವ ಬ್ರಾಯ್ಲರ್‌ಗೆ ಮೊದಲು ಖಾಲಿಯಾಗುವ ಮೊಳೆ ಮೆಥಿಯೋನಿನ್. ಎರಡನೆಯದು ಲೈಸಿನ್, ಮೂರನೆಯದು ಥ್ರಿಯೋನಿನ್. ತಮಾಷೆಯೆಂದರೆ, ಜೀವಕೋಶ ಯಾವ ಪ್ರೋಟೀನ್ ಕಟ್ಟಲು ಕೂತರೂ ಆರಂಭದ ಅಕ್ಷರ ಮೆಥಿಯೋನಿನ್ನೇ. ಅಪ್ಪನಿಗೆ ಇದನ್ನು ಹೇಳಿದಾಗ, ‘ಹಾಗಾದ್ರೆ ಕೋಳಿನೂ ಶ್ರೀ ಹಾಕೇ ಶುರು ಮಾಡ್ತದೆ ಅನ್ನು’ ಎಂದಿದ್ದರು.

ಒಂದು ವ್ಯತ್ಯಾಸ ಇದೆ. ಅಪ್ಪ ಉಳಿದ ಮೊಳೆಯನ್ನು ಖಾನೆಗೆ ವಾಪಸು ಹಾಕುತ್ತಿದ್ದರು. ಕೋಳಿಗೆ ಆ ಸೌಲಭ್ಯವಿಲ್ಲ. ಶ್ರೀ ಸಿಗದೆ ಉಳಿದುಹೋದ ‘ಕ’, ‘ರ’ಗಳನ್ನೆಲ್ಲ ಅದು ಒಡೆದು ಯೂರಿಕ್ ಆಮ್ಲ ಮಾಡಿ ಹಿಕ್ಕೆಯಲ್ಲಿ ಬಿಡುತ್ತದೆ. ನೀವು ದುಡ್ಡು ಕೊಟ್ಟು ತಂದ ಹಿಂಡಿ ಲಿಟರ್‌ನಲ್ಲಿ (ಶೆಡ್ಡಿನ ನೆಲದ ಹಾಸಿನಲ್ಲಿ) ಅಮೋನಿಯಾ ಆಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಈ ಬ್ಯಾಚ್‌ನಲ್ಲಿ ಶೆಡ್ ವಾಸನೆ ಜಾಸ್ತಿ ಇತ್ತಲ್ಲವೇ? ನೀವು ಬರೆದಿಲ್ಲ, ಆದರೆ ಇದ್ದೇ ಇರುತ್ತದೆ.

ಈಗ ನಿಮ್ಮ ಕ್ವಿಂಟಲ್‌ನ ಲೆಕ್ಕ ಹಾಕೋಣ, ಪೆನ್ನು ತಗೊಳ್ಳಿ. ಮೆಕ್ಕೆಜೋಳದಲ್ಲಿ ಲೈಸಿನ್ ನೂರಕ್ಕೆ 0.25ರಷ್ಟು ಮಾತ್ರ. ಅಂದರೆ 58 ಕೆಜಿಯಿಂದ 145 ಗ್ರಾಂ. ಸೋಯಾ ಹಿಂಡಿಯಲ್ಲಿ ಸುಮಾರು 2.75. ಹೋದ ಬ್ಯಾಚ್‌ನಲ್ಲಿ 36 ಕೆಜಿ ಸೋಯಾದಿಂದ 990 ಗ್ರಾಂ ಬಂದಿತ್ತು, ಒಟ್ಟು 1,135 ಗ್ರಾಂ. ಶೇಂಗಾ ಹಿಂಡಿಯಲ್ಲಿ ಲೈಸಿನ್ ಬರೀ 1.5ರ ಆಸುಪಾಸು. 36 ಕೆಜಿಗೆ 540 ಗ್ರಾಂ, ಮೆಕ್ಕೆಜೋಳದ್ದೂ ಸೇರಿ 685. ಭಾರತೀಯ ಮಾನಕ ಬ್ಯೂರೋ ಸ್ಟಾರ್ಟರ್ (ಎಳೆ ಮರಿಯ) ಫೀಡ್‌ಗೆ ಹೇಳುವುದು 1.2, ಅಂದರೆ ಕ್ವಿಂಟಲ್‌ಗೆ 1,200 ಗ್ರಾಂ. ನೀವು ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಂತಿದ್ದೀರಿ. ಪ್ರೋಟೀನ್ ಅಂಕಿ ಎರಡೂ ಬ್ಯಾಚ್‌ಗೆ ಹತ್ತಿರ ಹತ್ತಿರ ಒಂದೇ! ಶೇಂಗಾದಲ್ಲಿ ಆರ್ಜಿನಿನ್ ಎಂಬ ಇನ್ನೊಂದು ಮೊಳೆ ಧಾರಾಳವಾಗಿದೆ. ಅಂಕಿ ತುಂಬಿಸಿದ್ದು ಅದೂ ಸೇರಿ ಇಂಥವೇ.

ಪುಕ್ಕದ ಕಥೆ ಮೆಥಿಯೋನಿನ್‌ನದು. ಪುಕ್ಕವೆಂದರೆ ಗಂಧಕ ತುಂಬಿದ ಪ್ರೋಟೀನ್, ಅದಕ್ಕೆ ಸಿಸ್ಟಿನ್ ಎಂಬ ಮೊಳೆ ರಾಶಿಗಟ್ಟಲೆ ಬೇಕು. ಸಿಸ್ಟಿನ್ ಕಡಿಮೆ ಬಿದ್ದರೆ ಕೋಳಿ ಮೆಥಿಯೋನಿನ್‌ನಿಂದ ಮಾಡಿಕೊಳ್ಳುತ್ತದೆ. ಸಿಸ್ಟಿನ್‌ನಿಂದ ಮೆಥಿಯೋನಿನ್ ಮಾಡಲು ಬರುವುದಿಲ್ಲ. ಅದಕ್ಕೇ ಎರಡನ್ನೂ ಕೂಡಿಸಿ ನೋಡಬೇಕು. ಮಾನಕ 0.9 ಕೇಳುತ್ತದೆ, ಅಂದರೆ 900 ಗ್ರಾಂ. ನಿಮ್ಮ ಮಿಶ್ರಣದಲ್ಲಿ ಎರಡೂ ಸೇರಿ 570 ಗ್ರಾಂ ಮುಟ್ಟುವುದೂ ಕಷ್ಟ.

‘ಹಾಗಾದರೆ ಕೊರತೆಯಷ್ಟು ಪುಡಿ ತಂದು ಹಾಕಿದರೆ ಮುಗಿಯಿತಲ್ಲ’ ಎನ್ನುತ್ತೀರಿ. ಪೂರ್ತಿ ಶೇಂಗಾಕ್ಕೆ ಅದು ನಡೆಯುವುದಿಲ್ಲ. ಲೈಸಿನ್ ತುಂಬಿಸಿದರೆ ಥ್ರಿಯೋನಿನ್ ಮುಗಿಯುತ್ತದೆ, ಅದನ್ನು ತುಂಬಿಸಿದರೆ ಇನ್ನೊಂದು. ನಾನು ಹೇಳುವುದು: 24 ಕೆಜಿ ಸೋಯಾ, 12 ಕೆಜಿ ಶೇಂಗಾ. ಇದಕ್ಕೆ ಕ್ವಿಂಟಲ್‌ಗೆ ಲೈಸಿನ್ ಪುಡಿ 275 ಗ್ರಾಂ, ಡಿಎಲ್-ಮೆಥಿಯೋನಿನ್ (ಅಂಗಡಿಯಲ್ಲಿ ಸಿಗುವ ಮೆಥಿಯೋನಿನ್ ಪುಡಿ) 265 ಗ್ರಾಂ, ಥ್ರಿಯೋನಿನ್ 75 ಗ್ರಾಂ. ಲೈಸಿನ್ ಕೊರತೆ 215 ಗ್ರಾಂ ಮಾತ್ರ ಇದ್ದರೂ 275 ಏಕೆಂದರೆ, ಅಂಗಡಿಯಲ್ಲಿ ಸಿಗುವುದು ಲೈಸಿನ್ ಹೈಡ್ರೋಕ್ಲೋರೈಡ್, ಅದರಲ್ಲಿ ನಿಜವಾದ ಲೈಸಿನ್ ನೂರಕ್ಕೆ 78. ಇದು ಸ್ಟಾರ್ಟರ್‌ನ ಲೆಕ್ಕ. ಫಿನಿಷರ್‌ಗೆ (ಮಾರುವ ಮುಂಚಿನ ವಾರಗಳ ಫೀಡ್‌ಗೆ) ಲೈಸಿನ್ 1.0, ಮೆಥಿಯೋನಿನ್-ಸಿಸ್ಟಿನ್ 0.85 ಇದ್ದರೆ ಸಾಕು, ಹಿಂಡಿಯೂ ಕಡಿಮೆ.

ಕಲಸುವಾಗ ಜೋಕೆ. ಕಾಲು ಕೆಜಿ ಪುಡಿಯನ್ನು ನೇರವಾಗಿ ನೂರು ಕೆಜಿಗೆ ಸುರಿದರೆ ಒಂದು ಮೂಲೆಯ ಕೋಳಿಗೆ ಹಬ್ಬ, ಉಳಿದವಕ್ಕೆ ಉಪವಾಸ. ಮೊದಲು 2 ಕೆಜಿ ಜೋಳದ ನುಚ್ಚಿನಲ್ಲಿ, ಆಮೇಲೆ 10 ಕೆಜಿಯಲ್ಲಿ, ಆಮೇಲೆ ಪೂರ್ತಿ ರಾಶಿಯಲ್ಲಿ ಕಲಸಿ. ಡಬ್ಬಗಳ ಮೇಲೆ ಹೆಸರು ಬರೆದಿಡಿ. 1991ರಲ್ಲಿ, ಫೀಡ್ ಮಿಲ್ಲಿನಲ್ಲಿ ನನ್ನ ಮೊದಲ ವರ್ಷ, ಲೈಸಿನ್ ಡಬ್ಬಕ್ಕೆ ಮೆಥಿಯೋನಿನ್ ತುಂಬಿಸಿಟ್ಟವಳು ನಾನೇ. ಮೆಥಿಯೋನಿನ್ ಹೆಚ್ಚಾದರೆ ಕೋಳಿ ಮೇವು ತಿನ್ನುವುದನ್ನೇ ಕಡಿಮೆ ಮಾಡುತ್ತದೆ, ಅಮೈನೋ ಆಮ್ಲಗಳಲ್ಲಿ ಅತಿಯಾದರೆ ಹೆಚ್ಚು ಕಾಡುವುದು ಅದೇ. ಮಿಕ್ಸರ್ ಹತ್ತಿರ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಬಂದು, ‘ಅಮ್ಮಾ, ಇವತ್ತು ಫೀಡು ಎಲೆಕೋಸು ಬೇಯಿಸಿದಂಗೆ ನಾರ್ತದಲ್ಲ’ ಎಂದರು. ಅವರ ಮೂಗಿನಿಂದ ಎರಡು ಟನ್ ಫೀಡ್ ಮೂಟೆ ಸೇರುವ ಮೊದಲೇ ಉಳಿಯಿತು. ಮೆಥಿಯೋನಿನ್‌ಗೆ ಗಂಧಕದ ಆ ವಾಸನೆ ಇದ್ದೇ ಇರುತ್ತದೆ. ತರುವಾಗ ಮೂಸಿ ನೋಡಿ.

ಇನ್ನೊಂದು ಮಾತು, ಶೇಂಗಾ ಹಿಂಡಿ ಅಂದರೆ ಬೂಷ್ಟಿನ ವಿಷ, ಅಫ್ಲಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತು, ಕಾರಣ ಹುಡುಕುತ್ತಾ ಹೋದರೆ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ಸಿಕ್ಕಿತು. ಈ ವಿಷ ಪತ್ತೆಯಾದದ್ದೇ ಹಾಗೆ. ಫೀಡ್‌ನಲ್ಲಿ ನೂರು ಕೋಟಿಗೆ 20 ಭಾಗ ದಾಟಬಾರದು. ನಿಮ್ಮ ಕೋಳಿಗಳ ತೂಕ ಬೀಳಲು ಇದೂ ಕೈ ಹಾಕಿರಬಹುದು. ಸತ್ತ ಕೋಳಿಯನ್ನು ಕೊಯ್ದು ನೋಡಿದಾಗ ಈಲಿ (ಲಿವರ್) ಹಳದಿಗೆ ತಿರುಗಿ ಊದಿದ್ದರೆ ಹಿಂಡಿಯನ್ನು ಅದೇ ದಿನ ನಿಲ್ಲಿಸಿ, ಪರೀಕ್ಷೆಗೆ ಕಳಿಸಿ.

ಪ್ರಶ್ನೆ: ಮೇಡಂ, ನಾವು ಕಂಪನಿ ಕಾಂಟ್ರಾಕ್ಟ್‌ನಲ್ಲಿ 1,000 ಮರಿ ಸಾಕುತ್ತಿದ್ದೇವೆ. ಮರಿ, ಫೀಡ್ ಎಲ್ಲ ಅವರದೇ. ಔಷಧಿ ಅಂಗಡಿಯವರು ‘ಅಮೈನೋ ಟಾನಿಕ್’ ಕೊಟ್ಟು, ನೀರಿಗೆ 100 ಕೋಳಿಗೆ 10 ಎಂಎಲ್ ಹಾಕಿ, ತೂಕ ಜಗ್ಗುತ್ತದೆ ಎನ್ನುತ್ತಾರೆ. ಹಾಕಲೇ?
— ದೊಡ್ಡಬಳ್ಳಾಪುರ ತಾಲ್ಲೂಕಿನ ಒಬ್ಬ ಮಹಿಳೆ

ಉತ್ತರ: ಬೇಡಮ್ಮ. ನಾಲ್ಕನೇ ವಾರದ ಕೋಳಿ ದಿನಕ್ಕೆ ಸುಮಾರು 120 ಗ್ರಾಂ ಫೀಡ್ ತಿನ್ನುತ್ತದೆ. ಆ ಫೀಡ್‌ನಲ್ಲಿ ಲೈಸಿನ್ 1.1 ಎಂದಿಟ್ಟುಕೊಂಡರೂ ಒಂದು ಕೋಳಿಗೆ 1.3 ಗ್ರಾಂ, ನಿಮ್ಮ ಸಾವಿರ ಕೋಳಿಗೆ 1,300 ಗ್ರಾಂ ದಿನಾ ಸಿಗುತ್ತಿದೆ. ಅಂಗಡಿಯವರು ಹೇಳಿದ ಲೆಕ್ಕದಲ್ಲಿ ನೀವು ಹಾಕುವುದು 100 ಎಂಎಲ್ ಟಾನಿಕ್. ಆ ಬಾಟಲಿಯಲ್ಲಿ ನೀರಿನ ಬದಲು ಬರೀ ಲೈಸಿನ್ನೇ ಇದ್ದರೂ ಹತ್ತರಲ್ಲೊಂದು ಭಾಗವಾದೀತು. ಚೀಟಿ ಓದಿ, ಹದಿನೆಂಟು ಹೆಸರು ಬರೆದಿರುತ್ತಾರೆ, ಪ್ರತಿಯೊಂದರ ಮುಂದೆ ಮಿಲಿಗ್ರಾಂ. ಸಮುದ್ರಕ್ಕೆ ಒಂದು ಚೊಂಬು.

ಮೇಲಾಗಿ ಸಿಹಿ ಟಾನಿಕ್ ಕೋಳಿ ನೀರು ಕುಡಿಯುವ ನಿಪ್ಪಲ್ ಲೈನಿನ ಪೈಪಿನೊಳಗೆ ಲೋಳೆ ಕಟ್ಟಿಸುತ್ತದೆ. ಆಮೇಲೆ ಬೇಧಿ, ಆಮೇಲೆ ಇನ್ನೊಂದು ಔಷಧಿ. ಜ್ವರವೋ ಬಿಸಿಲೋ ಆಗಿ ಕೋಳಿ ಮೇವು ಬಿಟ್ಟಾಗ ಎರಡು ಮೂರು ದಿನ ನೀರಿನಲ್ಲಿ ಏನಾದರೂ ಕೊಡುವುದಕ್ಕೆ ಅರ್ಥವಿದೆ, ಅದೂ ನಿಮ್ಮ ಸೂಪರ್‌ವೈಸರ್‌ಗೆ ಹೇಳಿಯೇ. ಫೀಡ್‌ನಲ್ಲೇ ಅನುಮಾನವಿದ್ದರೆ, ತೂಕ ಏಕೆ ಬರುತ್ತಿಲ್ಲ ಎಂದು ಕಂಪನಿಯನ್ನು ಕೇಳಿ. ಪ್ರತಿ ಲಾಟಿನಿಂದ ಅರ್ಧ ಕೆಜಿ ಫೀಡ್ ತೆಗೆದು, ದಿನಾಂಕ ಬರೆದು, ಒಣ ಡಬ್ಬದಲ್ಲಿ ಬ್ಯಾಚ್ ಮುಗಿಯುವವರೆಗೆ ಎತ್ತಿಡಿ. ಮಾತಿಗೆ ಮಾತು ಬೆಳೆದಾಗ ಆ ಡಬ್ಬ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ.

ಟಾನಿಕ್ ದುಡ್ಡಿನಲ್ಲಿ ಒಂದು ತೂಕದ ತಕ್ಕಡಿ ಕೊಳ್ಳಿ. ವಾರಕ್ಕೊಮ್ಮೆ 50 ಕೋಳಿ ತೂಗಿ.

ಪ್ರಶ್ನೆ: ನೂಲು ಬಿಚ್ಚಾಣಿಕೆಯವರಿಂದ ರೇಷ್ಮೆಗೂಡಿನ ಹುಳ ಅಗ್ಗವಾಗಿ ಸಿಗುತ್ತದೆ. ಬ್ರಾಯ್ಲರ್‌ಗೆ ಹಾಕಬಹುದೇ?
— ರಾಮನಗರದ ಓದುಗರು

ಉತ್ತರ: ಹಾಕಬಹುದು. ನಿಮ್ಮ ಊರಿನ ಗಾಳಿಯಲ್ಲೇ ಆ ವಾಸನೆ ಇದೆಯಲ್ಲ! ಲೈಸಿನ್, ಮೆಥಿಯೋನಿನ್ ಎರಡೂ ಅದರಲ್ಲಿ ಪುಷ್ಕಳ. ಶೇಂಗಾಗೆ ಏನಿಲ್ಲವೋ ಅದೆಲ್ಲ ಇದರಲ್ಲಿದೆ. ಆದರೆ ಹಸಿ ಹುಳದಲ್ಲಿ ನೀರು, ಒಣಗಿಸಿದರೂ ಕಾಲು ಭಾಗದಷ್ಟು ಎಣ್ಣೆ. ಆ ಎಣ್ಣೆ ಎರಡು ವಾರದಲ್ಲಿ ಕಮಟಿ ಹೋಗುತ್ತದೆ, ಮಾಂಸಕ್ಕೂ ಮೀನಿನಂಥ ವಾಸನೆ ಹತ್ತುತ್ತದೆ. ಎಣ್ಣೆ ತೆಗೆದ ಹುಡಿ ಸಿಕ್ಕರೆ ಮಾತ್ರ ತಗೊಳ್ಳಿ, ಕ್ವಿಂಟಲ್‌ಗೆ 5 ಕೆಜಿ ದಾಟಬೇಡಿ, ಮಾರುವ ವಾರದಲ್ಲಿ ಪೂರ್ತಿ ಬಿಡಿ. ಬಿಸಿಲಲ್ಲಿ ಹರಡಿ ಅರೆಬರೆ ಒಣಗಿದ್ದನ್ನು ಮೂಟೆ ಕಟ್ಟಿ ಇಡುವುದು ಮಾತ್ರ ಬೇಡವೇ ಬೇಡ.

ಪ್ರಶ್ನೆ: ಫಾರಂ ಕೋಳಿಗೆ ‘ಆಸಿಡ್’ ಹಾಕಿ, ಹಾರ್ಮೋನ್ ಚುಚ್ಚಿ 40 ದಿನಕ್ಕೆ ಬೆಳೆಸುತ್ತಾರಂತೆ. ಮಕ್ಕಳಿಗೆ ಕೊಡಲು ಹೆದರಿಕೆ. ನಿಜವೇ?
— ಬೆಂಗಳೂರಿನ ಗೃಹಿಣಿ

ಉತ್ತರ: ಅಮೈನೋ ‘ಆಮ್ಲ’ ಎಂಬ ಹೆಸರು ಮಾಡಿದ ಅನಾಹುತ ಇದು. ನೀವು ನಿನ್ನೆ ಮಾಡಿದ ಬೇಳೆ ಸಾರಿನಲ್ಲಿ ಇವೆಲ್ಲ ಇದ್ದವು. ಬೇಳೆಯಲ್ಲಿ ಲೈಸಿನ್ ಜಾಸ್ತಿ, ಅಕ್ಕಿಯಲ್ಲಿ ಮೆಥಿಯೋನಿನ್ ಜಾಸ್ತಿ. ಅನ್ನ-ಸಾರು ಕಲಸಿ ಉಣ್ಣುವಾಗ ನಾವು ಮಾಡುವುದೂ ಫೀಡ್ ಮಿಲ್ಲಿನ ಲೆಕ್ಕವನ್ನೇ.

ಲೈಸಿನ್ ಪುಡಿ ಬರುವುದು ಹುದುಗುವಿಕೆಯಿಂದ, ಸಕ್ಕರೆಯ ದ್ರಾವಣದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ. 1950ರ ದಶಕದಲ್ಲಿ ಜಪಾನಿನಲ್ಲಿ ಶುರುವಾದ ವಿದ್ಯೆ. ಮೆಥಿಯೋನಿನ್ ಮಾತ್ರ ಹೆಚ್ಚಾಗಿ ರಾಸಾಯನಿಕ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಹಾಗೆ ಮಾಡಿದಾಗ ಎಡಗೈ, ಬಲಗೈ ಇದ್ದ ಹಾಗೆ ಎರಡು ರೂಪ ಅರ್ಧರ್ಧ ಬರುತ್ತವೆ. ಪ್ರಕೃತಿಯಲ್ಲಿ ಪ್ರೋಟೀನ್‌ಗೆ ಒಂದೇ ಕೈ ಬೇಕು. ಕೋಳಿಗೆ ಇನ್ನೊಂದು ಕೈಯ ಮೆಥಿಯೋನಿನ್ನನ್ನೂ ತಿರುಗಿಸಿಕೊಳ್ಳುವ ಶಕ್ತಿ ಇದೆ. ಲೈಸಿನ್, ಥ್ರಿಯೋನಿನ್‌ಗೆ ಆ ಉಪಾಯ ಇಲ್ಲ. ಬ್ಯಾಕ್ಟೀರಿಯಾ ಸರಿಯಾದ ಕೈಯದನ್ನೇ ಮಾಡಿಕೊಡುವುದರಿಂದ ಅವಕ್ಕೆ ಅದೇ ದಾರಿ.

ಹಾರ್ಮೋನ್ ವಿಚಾರ: ಬೆಳವಣಿಗೆಯ ಹಾರ್ಮೋನೂ ಒಂದು ಪ್ರೋಟೀನ್, ಮೇವಿನಲ್ಲಿ ಹಾಕಿದರೆ ಜೀರ್ಣವಾಗಿಹೋಗುತ್ತದೆ. ಸಾವಿರಾರು ಕೋಳಿ ಹಿಡಿದು ಮತ್ತೆ ಮತ್ತೆ ಚುಚ್ಚಲು ಯಾರಿಗೆ ಕೈ, ಯಾರಿಗೆ ಕಾಸು? ಬೆಳೆಸಿದ್ದು ತಳಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿ ಮತ್ತು 2005ರ ತಳಿಗೆ ಒಂದೇ ಮೇವು ಹಾಕಿ ಸಾಕಿ 2014ರಲ್ಲಿ ಪ್ರಕಟಿಸಿದರು. 56 ದಿನಕ್ಕೆ ಹಳೆಯದು 905 ಗ್ರಾಂ, ಹೊಸದು 4,202 ಗ್ರಾಂ. ಔಷಧಿ ವಿಚಾರದಲ್ಲಿ ಕೇಳಬೇಕಾದ ಪ್ರಶ್ನೆ ಆಂಟಿಬಯೋಟಿಕ್‌ನದು. ಅದನ್ನು ಕೇಳಿ ಇನ್ನೊಂದು ಪತ್ರ ಬರೆಯಿರಿ, ಆಗ ನಿಮ್ಮ ಪಕ್ಷ ವಹಿಸುತ್ತೇನೆ.

ಪ್ರಶ್ನೆ: ಬೇಸಿಗೆಯಲ್ಲಿ ಕೋಳಿ ಮೇವು ಕಡಿಮೆ ತಿನ್ನುತ್ತದೆ ಎಂದು ಸೋಯಾ ಹೆಚ್ಚಿಸಿದೆ. ಮಧ್ಯಾಹ್ನದ ಸಾವು ಇನ್ನೂ ಜಾಸ್ತಿಯಾಯಿತು. ಲಿಟರ್ ಒದ್ದೆ, ಕಣ್ಣು ಉರಿ.
— ರಾಯಚೂರಿನ ರೈತರು

ಉತ್ತರ: ನಿಮ್ಮ ಯೋಚನೆಯ ಅರ್ಧ ಸರಿ. ತಿನ್ನುವುದು ಕಡಿಮೆಯಾದಾಗ ತುತ್ತಿನಲ್ಲಿ ಸತ್ವ ಹೆಚ್ಚಿರಬೇಕು. ಆದರೆ ಸೋಯಾ ಹೆಚ್ಚಿಸಿದರೆ ಬೇಡದ ಮೊಳೆಗಳೂ ಹೆಚ್ಚುತ್ತವೆ. ಅವನ್ನು ಒಡೆದು ಹೊರಹಾಕುವ ಕೆಲಸದಲ್ಲೇ ಮೈಯೊಳಗೆ ಶಾಖ ಹುಟ್ಟುತ್ತದೆ. ಹೊರಗೆ 42 ಡಿಗ್ರಿ, ಒಳಗೆ ಇನ್ನೊಂದು ಒಲೆ. ಹೊರಹಾಕಲು ನೀರೂ ಬೇಕು, ಅದಕ್ಕೇ ಲಿಟರ್ ಒದ್ದೆ.

ಉಲ್ಟಾ ಮಾಡಿ. ಪ್ರೋಟೀನನ್ನು ಒಂದು ಅಂಕಿ ಇಳಿಸಿ, ಸೋಯಾದಿಂದ ಕಳೆದುಹೋದ ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್‌ಗಳನ್ನು ಪುಡಿಯ ರೂಪದಲ್ಲಿ ತುಂಬಿಸಿ. ಹಿಕ್ಕೆಯ ಸಾರಜನಕ ನೂರಕ್ಕೆ 8ರಿಂದ 10 ಕಡಿಮೆಯಾಗುತ್ತದೆ, ಅಮೋನಿಯಾ ಇಳಿಯುವುದು ನಿಮ್ಮ ಮೂಗಿಗೇ ಗೊತ್ತಾಗುತ್ತದೆ. ಎರಡು ಅಂಕಿಗಿಂತ ಹೆಚ್ಚು ಇಳಿಸಬೇಡಿ, ಅಲ್ಲಿಂದಾಚೆ ವ್ಯಾಲಿನ್, ಗ್ಲೈಸಿನ್ ಎಂದು ಹೊಸ ಮೊಳೆಗಳು ಖಾಲಿಯಾಗತೊಡಗುತ್ತವೆ.

ಒಂದನ್ನು ಎಲ್ಲರೂ ಮರೆಯುತ್ತಾರೆ. ಲೈಸಿನ್ ಪುಡಿಯ ಐದನೇ ಒಂದು ಭಾಗ ಕ್ಲೋರೈಡ್. ಸೋಯಾ ಇಳಿಸಿದ್ದರಿಂದ ಪೊಟ್ಯಾಷಿಯಂ ಕಡಿಮೆ. ತೇಕುವ ಕೋಳಿಗೆ ಈ ಎರಡೂ ಸೇರಿದರೆ ರಕ್ತದ ಸಮತೋಲ ತಪ್ಪುತ್ತದೆ. ಕ್ವಿಂಟಲ್‌ಗೆ 300 ಗ್ರಾಂ ಉಪ್ಪು ಹಾಕುತ್ತಿದ್ದರೆ 100 ಗ್ರಾಂ ತೆಗೆದು, ಬದಲಿಗೆ 150 ಗ್ರಾಂ ಅಡುಗೆ ಸೋಡಾ ಹಾಕಿ. ಸೋಡಿಯಂ ಅಷ್ಟೇ ಉಳಿಯುತ್ತದೆ, ಕ್ಲೋರೈಡ್ ಇಳಿಯುತ್ತದೆ. ಅಡುಗೆ ಸೋಡಾ ಎಂದೆ, ಬಟ್ಟೆ ಸೋಡಾ ಅಲ್ಲ. ಮೇವನ್ನು ಬೆಳಗಿನ ಜಾವ ಮತ್ತು ಸಂಜೆ ಕೊಡಿ. ಹನ್ನೊಂದರಿಂದ ನಾಲ್ಕರವರೆಗೆ ಫೀಡರ್ ಮೇಲೆತ್ತಿ ಕಟ್ಟಿ, ನೀರಿನ ಟ್ಯಾಂಕಿಗೆ ಒದ್ದೆ ಗೋಣಿ ಸುತ್ತಿ.